ನೀರು ಎಲ್ಲರದ್ದು, ದಡ ಮಾತ್ರ ಬುಕಿಂಗ್ ಇದ್ದವರದ್ದು

ಕ್ರೊಯೇಷಿಯಾಗೋ ಗ್ರೀಸಿಗೋ ಹೋಗಿ ಒಂದು ವಾರ ಹಾಯಿದೋಣಿಯಲ್ಲಿ ಸುತ್ತಿ ಬಂದ ಬೆಂಗಳೂರಿನ ಟೆಕ್ಕಿಗೆ ಒಂದು ಜ್ವರ ಅಂಟಿಕೊಂಡಿರುತ್ತೆ. ಸೋಮವಾರ ಬೆಳಿಗ್ಗೆ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕೂತು ಅವನು ಕೇಳುವ ಪ್ರಶ್ನೆ ಒಂದೇ: ‘ನಮಗೂ ಮುನ್ನೂರು ಚಿಲ್ಲರೆ ಕಿಲೋಮೀಟರ್ ಕಡಲಿದೆಯಲ್ಲ ಗುರು, ಇಲ್ಯಾಕೆ ಇದೆಲ್ಲ ಇಲ್ಲ?’ ಮಧ್ಯಾಹ್ನ ಊಟದ ಟೇಬಲ್ಲಿಗೆ ಬರುವಷ್ಟರಲ್ಲಿ ಉತ್ತರವೂ ರೆಡಿ. ‘ಮರೀನಾ ಬೇಕು. ಕಾರವಾರದಲ್ಲೊಂದು, ಮಲ್ಪೆಯಲ್ಲೊಂದು, ಮಂಗಳೂರಲ್ಲೊಂದು ಕಟ್ಟಲಿ. ಯಾಟ್ ಇರೋರು ತಾವಾಗೇ ಬರ್ತಾರೆ.’

ಪ್ರಶ್ನೆ ಸರಿಯಾಗಿದೆ, ಉತ್ತರ ತಪ್ಪು. ದುರದೃಷ್ಟಕ್ಕೆ ಸರ್ಕಾರಕ್ಕೂ ಇದೇ ಉತ್ತರ ಇಷ್ಟ. 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬೈಂದೂರಿನಲ್ಲಿ ಮರೀನಾ ಮಾಡ್ತೀವಿ ಅಂದರು. ದೇಶದ ಮೊದಲನೆಯದು ಅನ್ನೋ ತಲೆಬರಹಗಳೂ ಬಂದವು. ಕೊಚ್ಚಿಯ ಬೋಲ್ಗಾಟ್ಟಿಯಲ್ಲಿ ಕೇರಳ ಪ್ರವಾಸೋದ್ಯಮ ನಿಗಮದ ಮರೀನಾ 2010ರಿಂದಲೇ ಇದೆ. ಇರಲಿ, ಮೊದಲೋ ಎರಡನೆಯದೋ ಅನ್ನೋದು ನನ್ನ ತಕರಾರಲ್ಲ.

ನನ್ನ ತಕರಾರನ್ನು ಸುತ್ತಿ ಬಳಸದೆ ಹೇಳಿಬಿಡ್ತೀನಿ. ಕರಾವಳಿಗೆ ಹಾಯಿದೋಣಿ ಬರಲಿ, ಧಾರಾಳವಾಗಿ ಬರಲಿ. ಆದರೆ ಮೀನುಗಾರ ಬಳಸುವ ಬಂದರು ಸರಿಹೋಗುವ ಮೊದಲು, ಯಾಟ್ ಮಾಲೀಕರಿಗೆ ಅಂತ ಸರ್ಕಾರದ ಒಂದು ರೂಪಾಯಿಯನ್ನಾಗಲಿ, ಸಾರ್ವಜನಿಕ ದಡದ ಒಂದು ಅಡಿಯನ್ನಾಗಲಿ ಕೊಡಕೂಡದು. ರೂಪಾಯಿಯನ್ನು ಮುಂದಿನ ಬಜೆಟ್ಟಿನಲ್ಲಿ ಹೊಂದಿಸಬಹುದು. ದಡ ಹೋದರೆ ಹೋಯಿತು.

ಇಷ್ಟು ಖಚಿತವಾಗಿ ಹೇಳೋಕೆ ನಾನೇನು ಮಲ್ಪೆಯವನಲ್ಲ. ಹುಣಸೂರು ತಾಲ್ಲೂಕಿನ ಹಳ್ಳಿಯವನು, ತಂಬಾಕಿನ ಬ್ಯಾರನ್ನುಗಳ ಮಧ್ಯೆ ಬೆಳೆದವನು. ಅಜ್ಜಿಯ ಊರು ಹೆಗ್ಗಡದೇವನಕೋಟೆ ಕಡೆ, ಕಬಿನಿ ಹಿನ್ನೀರಿನ ಅಂಚಿನಲ್ಲಿ. ನೀರು ಅನ್ನೋದು ‘ಡೆಸ್ಟಿನೇಶನ್’ ಆದಾಗ ದಡಕ್ಕೆ ಏನಾಗುತ್ತೆ ಅನ್ನೋದನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆಯವರಿಗೆ ಯಾರೂ ಸ್ಲೈಡ್ ಹಾಕಿ ವಿವರಿಸಬೇಕಾಗಿಲ್ಲ. ನಾವು ನೋಡಿದ್ದೀವಿ. ಕಬಿನಿಯ ಮಾತಿಗೆ ಆಮೇಲೆ ಬರ್ತೀನಿ, ಮೊದಲು ಕಡಲನ್ನೇ ನೋಡೋಣ.

ನಮ್ಮ ಕರಾವಳಿ ಹಾಯಿದೋಣಿಗೆ ಹೇಳಿಮಾಡಿಸಿದಂತಿದೆ, ಇದರಲ್ಲಿ ಅನುಮಾನ ಬೇಡ. ಕಾರವಾರದಿಂದ ಶುರು ಮಾಡಿ. ಕೊಲ್ಲಿಯ ಎದುರಿಗೇ ದ್ವೀಪಗಳು, ಕಾಳಿ ನದಿಯ ಅಳಿವೆ, ಅದರ ಪಕ್ಕ ದೇವಬಾಗದ ಮರಳು, ಮೇಲೆ ಸದಾಶಿವಗಡದ ಗುಡ್ಡ. ನೌಕಾನೆಲೆಯ ನಿಷೇಧಿತ ನೀರನ್ನು ಬಳಸಿಕೊಂಡು ದಕ್ಷಿಣಕ್ಕೆ ಹೋದರೆ ಬೇಲೆಕೇರಿ. ಆಮೇಲೆ ತದಡಿಯಲ್ಲಿ ಅಘನಾಶಿನಿ. ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಈ ನದಿಯ ಅಳಿವೆ ಪ್ರದೇಶ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಹೊನ್ನಾವರದಲ್ಲಿ ಶರಾವತಿ. ಮುರುಡೇಶ್ವರದ ಆಚೆ ಸಮುದ್ರದೊಳಗೆ ನೇತ್ರಾಣಿ. ಮುಂದೆ ಭಟ್ಕಳ, ಐದು ಹೊಳೆಗಳು ಒಟ್ಟಿಗೆ ಕಡಲು ಸೇರುವ ಗಂಗೊಳ್ಳಿ, ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು, ಮಲ್ಪೆ. ಕೊನೆಗೆ ನೇತ್ರಾವತಿ, ಗುರುಪುರ ನದಿಗಳು ಸೇರುವಲ್ಲಿ ಮಂಗಳೂರು. ಒಟ್ಟು ಹೆಚ್ಚುಕಮ್ಮಿ 125 ನಾಟಿಕಲ್ ಮೈಲಿ. ಗಂಟೆಗೆ ಐದು ಮೈಲಿಯ ಲೆಕ್ಕದಲ್ಲಿ ಹಗಲು ಐದಾರು ಗಂಟೆ ಸಾಗಿ, ರಾತ್ರಿ ಒಂದೊಂದು ಅಳಿವೆಯೊಳಗೆ ಲಂಗರು ಹಾಕಿದರೆ ನಾಲ್ಕೈದು ದಿನದ ದಾರಿ. ಚಳಿಗಾಲದಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತೆಳ್ಳನೆ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲ ಗಾಳಿ. ಇಂಜಿನ್ ಬಹುಪಾಲು ಸುಮ್ಮನಿದ್ದರೂ ನಡೆಯುತ್ತೆ.

ಹಾಯಿ ನಮಗೆ ಹೊಸದೂ ಅಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, ಆ ಊರಲ್ಲಿ ಹೆಣ್ಣುಮಕ್ಕಳ ಹದಿಮೂರು ಶಾಲೆ ಇದ್ದವು ಅಂತ ಬರೆದಿಟ್ಟಿದ್ದಾನೆ. ಬಂದರು ಅಂದರೆ ಹಾಗೆ, ಹೊರಗಿನವನು ಬಂದು ಇಳಿಯುವ ಜಾಗ, ಊರಿನವರು ಬದುಕುವ ಜಾಗ ಎರಡೂ ಒಂದೇ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಆ ಹೆಂಚು ಬೊಂಬಾಯಿಯ ಕಡೆಗೆ ಹೋಗಿದ್ದು ಪತ್ತೇಮಾರಿಗಳಲ್ಲಿ, ಮಚವೆಗಳಲ್ಲಿ, ಹಾಯಿಯ ಬಲದಿಂದ. ಅದೇ ಮಂಗಳೂರು ಹೆಂಚು ಘಟ್ಟ ಹತ್ತಿ ನಮ್ಮ ಹುಣಸೂರಿನ ಮನೆಗಳ ಮೇಲೂ ಬಂದು ಕೂತಿದೆ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೊತ್ತ ಮಂಜಿಗಳು ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದಲೇ ಹೋಗ್ತವೆ, ಹಾಯಿಯ ಜಾಗಕ್ಕೆ ಡೀಸೆಲ್ ಬಂದಿದೆ ಅಷ್ಟೆ.

ಹಾಗಾದರೆ ಯಾಟ್‌ಗಳು ಯಾಕೆ ಬರ್ತಿಲ್ಲ? ಮರೀನಾ ಇಲ್ಲದ್ದಕ್ಕೆ ಅಂತ ಹೇಳೋದು, ಸರ್ವರ್ರೇ ಬಿದ್ದುಹೋಗಿರುವಾಗ ‘ಬಟನ್ ಬಣ್ಣ ಚೆನ್ನಾಗಿಲ್ಲ, ಅದಕ್ಕೇ ಯೂಸರ್ ಬರ್ತಿಲ್ಲ’ ಅಂದ ಹಾಗೆ. ಮರೀನಾ ಅನ್ನೋದು ಫ್ರಂಟ್‌ಎಂಡ್. ಗಾಜಿನ ಲೌಂಜು, ಮರದ ಹಲಗೆಯ ದಾರಿ, ಸಾಲು ದೀಪ. ಅದರ ಹಿಂದೆ ಏನಿರಬೇಕು ಅನ್ನೋದನ್ನು ನೋಡೋಣ.

ಮೊದಲನೆಯದು ಅಳಿವೆಯ ಆಳ. ನಲವತ್ತು ಅಡಿಯ ಹಾಯಿದೋಣಿಯ ಹೊಟ್ಟೆಯ ಕೆಳಗೆ ಕೀಲ್ ಅನ್ನೋ ಭಾರದ ರೆಕ್ಕೆ ಇರುತ್ತೆ. ದೋಣಿ ಮಗುಚದಂತೆ ಹಿಡಿದಿಡೋದು ಅದೇ. ಅದಕ್ಕೆ ಸುಮಾರು ಎರಡು ಮೀಟರ್ ನೀರು ಬೇಕು, ಅಲೆ ಎತ್ತಿ ಇಳಿಸೋದನ್ನು ಸೇರಿಸಿದರೆ ಇನ್ನೂ ಜಾಸ್ತಿ. ನಮ್ಮ ಅಳಿವೆಗಳಲ್ಲಿ ಪ್ರತಿ ಮಳೆಗಾಲ ಮರಳಿನ ದಿಣ್ಣೆಗಳು ಜಾಗ ಬದಲಾಯಿಸ್ತವೆ. ಗಂಗೊಳ್ಳಿ, ಹೊನ್ನಾವರ, ಮಂಗಳೂರಿನ ಅಳಿವೆಬಾಗಿಲು, ಎಲ್ಲ ಕಡೆ ಹೂಳಿನದ್ದೇ ದೂರು. ಹೂಳೆತ್ತಿ ಅಂತ ಮೀನುಗಾರರು ಮನವಿ ಕೊಟ್ಟೂ ಕೊಟ್ಟೂ ಸುಸ್ತಾಗಿದ್ದಾರೆ. ಇಡೀ ರಾತ್ರಿ ಕಡಲಲ್ಲಿ ದುಡಿದು ಬಂದವನು ಮನೆ ಕಾಣುವ ದೂರದಲ್ಲಿ, ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಸಾಯುತ್ತಾನೆ. ಇದು ಅಪರೂಪದ ಸುದ್ದಿಯಲ್ಲ.

ಎರಡನೆಯದು, ಏನಾದರೂ ಆದರೆ ಹುಡುಕಿಕೊಂಡು ಬರುವವರು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಜನರ ಸಮೇತ ಕಾಣೆಯಾಯ್ತು. ಮೊಬೈಲಿನಲ್ಲಿ ಊಟದ ಪೊಟ್ಟಣ ಯಾವ ಗಲ್ಲಿಯಲ್ಲಿದೆ ಅಂತ ನೋಡುವ ಕಾಲದಲ್ಲಿ ಒಂದು ದೊಡ್ಡ ದೋಣಿ ಎಲ್ಲಿ ಹೋಯ್ತು ಅಂತ ತಿಂಗಳುಗಟ್ಟಲೆ ಗೊತ್ತಾಗಲಿಲ್ಲ. ಮನೆಯವರು ಕಾದರು, ಕರಾವಳಿ ಬೀದಿಗಿಳಿಯಿತು. ಕೊನೆಗೆ 2019ರ ಮೇನಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ, ಸಮುದ್ರದ ತಳದಲ್ಲಿ ಅವಶೇಷ ನೌಕಾಪಡೆಗೆ ಸಿಕ್ಕಿತು.

ಮೂರನೆಯದು, ದೋಣಿ ಹತ್ತುವವರಿಗೆ ಬೇಕಾದ ಕನಿಷ್ಠ ಶಿಸ್ತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ವಾಪಸ್ಸಾಗುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಜನ ಜಾಸ್ತಿ ಇದ್ದರು, ಲೈಫ್ ಜಾಕೆಟ್ ಇರಲಿಲ್ಲ. ಯಾಟ್ ರೂಟಿನ ಮ್ಯಾಪಿನಲ್ಲಿ ಕಾರವಾರದ ಕೊಲ್ಲಿಗೆ ನೀವು ಚುಕ್ಕಿ ಇಡ್ತೀರಲ್ಲ, ಅದೇ ನೀರು ಇದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಸಮುದ್ರ ಅಂದರೆ ಹೈಸ್ಕೂಲಿನಲ್ಲಿ ಒಂದೇ ಒಂದು ದಿನ. ನನಗೂ ಹಾಗೇ ಇತ್ತು. ಆ ಒಂದು ದಿನಕ್ಕೆ ದಡದಲ್ಲಿ ಸಾಕಷ್ಟು ಜೀವರಕ್ಷಕರನ್ನು ನಿಲ್ಲಿಸೋದು, ಬರ್ತ್ ಕಟ್ಟೋದಕ್ಕಿಂತ ಮುಂಚಿನ ಕೆಲಸ.

ನಾಲ್ಕನೆಯದು ಕಾಗದ. ವಿದೇಶಿ ಹಾಯಿದೋಣಿ ನಮ್ಮ ಬಂದರಿಗೆ ಬಂದರೆ ಕಸ್ಟಮ್ಸ್, ಇಮಿಗ್ರೇಶನ್, ಬಂದರು ಕಚೇರಿ, ಕರಾವಳಿ ಪೊಲೀಸು ಅಂತ ಮೆಟ್ಟಿಲು ಹತ್ತಬೇಕು. ಪಕ್ಕದ ಬಂದರಿಗೆ ಹೋದರೆ ಮತ್ತೆ ಅದೇ. 2008ರ ಮುಂಬೈ ದಾಳಿಗೆ ಬಂದವರು ಮೀನುಗಾರಿಕಾ ದೋಣಿ ಅಪಹರಿಸಿಕೊಂಡು ಬಂದಿದ್ದರಿಂದ ತಪಾಸಣೆ ಬೇಡ ಅಂತ ಯಾರೂ ಹೇಳೋಕಾಗಲ್ಲ. ಆದರೆ ಒಂದೇ ಸಲ ತಪಾಸಣೆ ಮಾಡಿ, ಇಡೀ ಕರಾವಳಿಗೆ ನಡೆಯುವ ಒಂದು ಅನುಮತಿ ಕೊಡೋದಕ್ಕೆ ಸಮುದ್ರಕ್ಕೆ ಒಂದು ಬುಟ್ಟಿ ಕಾಂಕ್ರೀಟ್ ಸುರಿಯಬೇಕಿಲ್ಲ.

ಈಗ ಈ ನಾಲ್ಕನ್ನೂ ಇನ್ನೊಮ್ಮೆ ಓದಿ. ಮೊದಲ ಮೂರು ಮೀನುಗಾರನಿಗೂ ಬೇಕು, ಯಾಟ್ ಮಾಲೀಕನಿಗೂ ಬೇಕು. ನಾಡದೋಣಿಗೂ ನಲವತ್ತು ಅಡಿಯ ಯಾಟ್‌ಗೂ ಅಳಿವೆ ಒಂದೇ, ಬಿರುಗಾಳಿ ಒಂದೇ. ಅಳಿವೆ ಸರಿಮಾಡಿದರೆ ಸಾವಿರಾರು ಮೀನುಗಾರರ ಜೀವ ಉಳಿಯುತ್ತೆ, ಜೊತೆಗೆ ನಿಮ್ಮ ಯಾಟೂ ಬರುತ್ತೆ. ಮರೀನಾ ಕಟ್ಟಿದರೆ ಬರೀ ಮರೀನಾ ಆಗುತ್ತೆ. ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನಲ್ಲಿ ಖಾಲಿ ಹೊಡೆಯುತ್ತೆ. ಇಷ್ಟು ಸರಳವಾದ ಲೆಕ್ಕ ಯೋಜನಾ ವರದಿಗಳಲ್ಲಿ ಯಾಕೆ ಬರಲ್ಲ? ಹೂಳೆತ್ತಿದ ಅಳಿವೆಗೆ ರಿಬ್ಬನ್ ಕಟ್ ಮಾಡೋಕಾಗಲ್ಲ, ಅದರ ಫೋಟೋ ಚೆನ್ನಾಗಿ ಬರಲ್ಲ. ಇನ್ನೊಂದು ಕಾರಣ, ಮರೀನಾ ಅಂದರೆ ಬರೀ ದೋಣಿ ನಿಲ್ಲಿಸೋ ಜಾಗ ಅಲ್ಲ. ಅದರ ಹಿಂದೆ ಹೋಟೆಲು, ವಿಲ್ಲಾ, ಕ್ಲಬ್ಬು, ಮಾಲು. ದೋಣಿ ನೆಪ, ದಡ ಮಾಲು.

ಕಬಿನಿಯ ಮಾತಿಗೆ ಈಗ ಬರೋಣ, ಯಾಕಂದರೆ ಈ ಸಿನಿಮಾದ ಇಂಟರ್ವಲ್ ಆದಮೇಲಿನ ಭಾಗ ಅಲ್ಲಿ ಓಡ್ತಾ ಇದೆ.

ಹಳೆಯ ಕೋಟೆ ತಾಲ್ಲೂಕಿನಲ್ಲಿ ನಾಲ್ಕು ಜಲಾಶಯ: ಕಬಿನಿ, ನುಗು, ತಾರಕ, ಹೆಬ್ಬಳ್ಳ. ಒಂದೇ ತಾಲ್ಲೂಕಿಗೆ ನಾಲ್ಕು. ಬೀಚನಹಳ್ಳಿಯ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು, ಹತ್ತೊಂಬತ್ತೂವರೆ ಟಿಎಂಸಿ ನೀರು ನಿಂತಿತು. ನಿಂತ ನೀರಿನ ಕೆಳಗೆ ಊರುಗಳು ಹೋದವು, ಹೊಲಗಳು ಹೋದವು, 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ಕಾಡೂ ಹೋಯಿತು. ಮುಳುಗಿದವರಲ್ಲಿ ಒಕ್ಕಲಿಗರಿದ್ದರು, ನಾಯಕರಿದ್ದರು, ದಲಿತರಿದ್ದರು, ಜೇನುಕುರುಬರು, ಕಾಡುಕುರುಬರಿದ್ದರು. ನೀರು ಕೆಳಗಿನ ಗದ್ದೆಗಳಿಗೆ ಹೋಯಿತು, ಕರೆಂಟೂ ಬಂತು. ನಾನು ಅಣೆಕಟ್ಟಿನ ವಿರೋಧಿಯಲ್ಲ, ಕನ್ನಂಬಾಡಿ ಕಟ್ಟೆಯ ಅನ್ನ ಉಂಡ ಜಿಲ್ಲೆಯವನು. ನನ್ನ ಮಾತು ಆಮೇಲೆ ಆದದ್ದರ ಬಗ್ಗೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಯಲಾದ ನೆಲದಲ್ಲಿ ಹಸಿರು ಹುಲ್ಲು ಬರುತ್ತೆ. ಆ ಹುಲ್ಲಿಗೆ ನಾಗರಹೊಳೆ, ಬಂಡೀಪುರಗಳ ಆನೆಗಳು ನೂರಾರು ಸಂಖ್ಯೆಯಲ್ಲಿ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರೋದು ಬೇರೆಲ್ಲೂ ಸಿಗೋದು ಕಷ್ಟ. ನೋಡಲೇಬೇಕಾದ ನೋಟ, ಒಪ್ಪಿದೆ. ಕಾರಾಪುರದಲ್ಲಿ ಮಹಾರಾಜರ ಕಾಲದ ಬೇಟೆ ಬಂಗಲೆ ಇತ್ತು, 1980ರ ದಶಕದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಅಲ್ಲಿ ವಸತಿ ಶುರುಮಾಡಿತು. ಅದರ ಹಿಂದೆ ಖಾಸಗಿಯವರು ಒಬ್ಬೊಬ್ಬರಾಗಿ ಬಂದರು. ಇವತ್ತು ಒಂದು ರಾತ್ರಿಗೆ ಹತ್ತಾರು ಸಾವಿರ ಕೊಡುವ ರೂಮುಗಳಿವೆ. ನೀರಿನ ಎದುರು ಇನ್‌ಫಿನಿಟಿ ಪೂಲ್, ಅಂದರೆ ನೀರು ನೋಡ್ತಾ ನೀರಲ್ಲಿ ಕೂರೋಕೆ ಇನ್ನೊಂದು ನೀರು.

ನಮ್ಮಜ್ಜಿಯ ಊರಿನಿಂದ ಹಿನ್ನೀರಿಗೆ ಒಂದು ದಾರಿ ಇತ್ತು. ದನ ನೀರಿಗೆ ಹೋಗೋ ದಾರಿ. ಬೇಸಿಗೆ ರಜೆಯಲ್ಲಿ ನಾವು ಹುಡುಗರು ಎಮ್ಮೆ ಹೊಡಕೊಂಡು ಹೋಗ್ತಿದ್ದದ್ದು ಅದರಲ್ಲೇ. ಈಗ ಆ ದಾರಿಯ ಅರ್ಧಕ್ಕೆ ಒಂದು ಗೇಟ್ ಇದೆ. ಯಾರದ್ದು ಅಂತ ಹೆಸರು ಬೇಡ, ಸರ್ವೆ ನಂಬರ್ ಪ್ರಕಾರ ಆ ಜಮೀನು ಅವರದ್ದೇ ಇರಬಹುದು. ದಾರಿ ಯಾವ ಕಾಗದದಲ್ಲೂ ಇರಲಿಲ್ಲ, ದನಗಳ ಕಾಲಿನಲ್ಲಿತ್ತು. ಗೇಟಿನಲ್ಲಿ ನಿಂತಿದ್ದ ಸೆಕ್ಯೂರಿಟಿ ನಮ್ಮ ಸೋದರಮಾವನ್ನ ಕೇಳಿದ ಪ್ರಶ್ನೆ, ‘ಯಾರನ್ನ ನೋಡಬೇಕು ಸರ್?’ ಮಾವ ಹೇಳಿದ್ದು, ‘ನೀರನ್ನ.’ ಒಳಗೆ ಬಿಡಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಕಂಪನಿಯ ಆಫ್‌ಸೈಟ್ ಅದೇ ಜಾಗದಲ್ಲಿ ಆಯಿತು. ಅದೇ ಗೇಟ್. ನನಗೆ ಎಳನೀರು ಕೊಟ್ಟರು, ಕೈಗೆ ಪಟ್ಟಿ ಕಟ್ಟಿದರು, ಬ್ಯಾಟರಿ ಗಾಡಿಯಲ್ಲಿ ದಡಕ್ಕೆ ಬಿಟ್ಟರು. ಅದೇ ರಕ್ತ, ಅದೇ ದಾರಿ, ಅದೇ ನೀರು. ನಡುವೆ ಇದ್ದದ್ದು ಒಂದು ಬುಕಿಂಗ್ ಐಡಿ.

‘ಕೆಲಸ ಕೊಟ್ಟಿದ್ದಾರಲ್ಲ?’ ಅಂತೀರಿ. ಹೌದು, ಕೊಟ್ಟಿದ್ದಾರೆ. ನಮ್ಮ ಸಂಬಂಧಿಕರಲ್ಲೇ ಇಬ್ಬರು ಡ್ರೈವರ್, ಒಬ್ಬಳು ಹೌಸ್‌ಕೀಪಿಂಗ್. ತಿಂಗಳ ಸಂಬಳ ಬರುತ್ತೆ, ತಂಬಾಕಿನ ಹರಾಜಿನ ರೇಟಿಗೆ ಕಾಯೋದು ತಪ್ಪಿದೆ. ಅದನ್ನು ಹಗುರ ಮಾಡಿ ಮಾತಾಡೋ ಅಹಂಕಾರ ನನಗಿಲ್ಲ. ಆದರೆ ಅಲ್ಲಿ ನೀರಿನ ಮೇಲೆ ದೋಣಿಯ ಒಡೆತನ ಯಾರದ್ದು, ಗೈಡಿನ ಟೋಪಿ ಯಾರ ತಲೆ ಮೇಲಿದೆ, ಬೆಡ್‌ಶೀಟ್ ಯಾರ ಕೈಯಲ್ಲಿದೆ ಅನ್ನೋದನ್ನು ನೋಡಿ. ಹಿನ್ನೀರಿಗೆ ಜಮೀನು ಬಿಟ್ಟುಕೊಟ್ಟವರ ಮೊಮ್ಮಗ ಆ ನೀರಿನ ಮೇಲೆ ಸ್ವಂತದ್ದೊಂದು ದೋಣಿ ಇಳಿಸಿ ಪ್ರವಾಸಿಗರನ್ನು ಸುತ್ತಾಡಿಸೋಕೆ ಪರ್ಮಿಶನ್ ಕೇಳಲಿ, ನೋಡೋಣ. ಆಗ ನೆನಪಾಗುತ್ತೆ ಸುರಕ್ಷತೆ, ಆಗ ನೆನಪಾಗುತ್ತೆ ವನ್ಯಜೀವಿ. ಕೋಟೆಯದ್ದೇ ಬೈರಕುಪ್ಪೆಯಲ್ಲಿ ಕಬಿನಿ ದಾಟಿದರೆ ಕೇರಳದ ಪೆರಿಕ್ಕಲ್ಲೂರು. ಕೂಲಿಗೆ, ಸಂತೆಗೆ, ಆಸ್ಪತ್ರೆಗೆ ಜನ ದೋಣಿಯಲ್ಲೇ ದಾಟ್ತಾರೆ. ಒಂದೇ ನದಿಯಲ್ಲಿ ಎರಡು ಥರದ ದೋಣಿ: ಒಂದು ಹತ್ತೋಕೆ ವೆಲ್‌ಕಮ್ ಡ್ರಿಂಕ್, ಇನ್ನೊಂದು ಹತ್ತೋಕೆ ಗಟ್ಟಿ ಗುಂಡಿಗೆ.

ಇದೇ ಕಥೆ ಕರಾವಳಿಯಲ್ಲಿ ಆಗಲೇ ಶುರುವಾಗಿದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆಯಿಂದ ಹೋರಾಡ್ತಿದ್ದಾರೆ. ಅವರು ಕಳೆದುಕೊಳ್ಳೋದು ಏನು ಗೊತ್ತೇನು? ಹೊರಗಿನವರ ಕಣ್ಣಿಗೆ ಅದು ಖಾಲಿ ಮರಳು. ಅವರಿಗೆ ಅದು ಮೀನು ಒಣಗಿಸೋ ಅಂಗಳ, ಬಲೆ ಹರಡೋ ಜಾಗ, ದೋಣಿ ಎಳೆದಿಡೋ ಜಾಗ. ಕಾರವಾರದವರು ಸೀಬರ್ಡ್ ನೌಕಾನೆಲೆಗೆ ಈಗಾಗಲೇ ಕಡಲತೀರ ಬಿಟ್ಟುಕೊಟ್ಟವರು. 1986ರಲ್ಲಿ ಅದಕ್ಕೆ ಶಂಕುಸ್ಥಾಪನೆ ಆಯಿತು. ದೇಶದ ರಕ್ಷಣೆ ಅಂದಾಗ ಊರು ಬಿಟ್ಟರು. 2020ರಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಗೆ ಅಂತ ಉಳಿದ ಬೀಚಿಗೂ ಕೈ ಹಾಕಿದಾಗ ಅವರು ಬೀದಿಗೆ ಬಂದದ್ದು ಅದಕ್ಕೇ. ಇವರನ್ನು ‘ಅಭಿವೃದ್ಧಿ ವಿರೋಧಿ’ ಅನ್ನೋ ಮುಂಚೆ ಒಂದು ಕ್ಷಣ ಯೋಚನೆ ಮಾಡಿ. ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಬೇರೆಯವರು ಒಂದು ದಿನ ಕಾರು ನಿಲ್ಲಿಸಿದರೆ ವಾಟ್ಸಾಪ್ ಗ್ರೂಪಿನಲ್ಲಿ ಏನೇನಾಗುತ್ತೆ?

ಕಾನೂನು ಏನು ಹೇಳುತ್ತೆ? 1996ರಲ್ಲಿ ಎಂ.ಸಿ. ಮೆಹ್ತಾ ವಿರುದ್ಧ ಕಮಲ್ ನಾಥ್ ಅನ್ನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಕುಲು ಮನಾಲಿ ಕಣಿವೆಯಲ್ಲಿ ಒಂದು ಮೋಟೆಲ್ ತನ್ನ ಅನುಕೂಲಕ್ಕೆ ಬಿಯಾಸ್ ನದಿಯ ಹರಿವನ್ನೇ ತಿರುಗಿಸಿತ್ತು. ನದಿ, ಕಡಲತೀರ, ಕಾಡು ಇವು ಸರ್ಕಾರದ ಸ್ವಂತ ಆಸ್ತಿಯಲ್ಲ, ಜನರ ಪರವಾಗಿ ಸರ್ಕಾರ ಇಟ್ಟುಕೊಂಡಿರುವ ನಂಬಿಕೆಯ ಆಸ್ತಿ, ಅದನ್ನು ಖಾಸಗಿ ಲಾಭಕ್ಕೆ ಬಿಟ್ಟುಕೊಡುವಂತಿಲ್ಲ ಅನ್ನೋ ತತ್ವವನ್ನು ಎತ್ತಿಹಿಡಿದು ಕೋರ್ಟು ಆ ಗುತ್ತಿಗೆಯನ್ನೇ ರದ್ದು ಮಾಡಿತು. ಅದಾದ ಮೇಲೆ ನಾವು ಹೋದದ್ದು ಯಾವ ದಿಕ್ಕಿಗೆ? 2019ರ ಸಿಆರ್‌ಝಡ್ ಅಧಿಸೂಚನೆಯಲ್ಲಿ, ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿ 200 ಮೀಟರ್‌ನಿಂದ 50 ಮೀಟರಿಗೆ ಇಳಿಯಿತು. ನೂರೈವತ್ತು ಮೀಟರ್ ಅಂದರೆ ಒಂದು ಮೀನುಗಾರರ ಕೇರಿ.

ನಮ್ಮ ಟೆಕ್ಕಿ ಮಿತ್ರರ ಪ್ರಾಣವಾದ ಕ್ರೊಯೇಷಿಯಾಗೇ ಹೋಗೋಣ. ಅಲ್ಲಿನ ಕಾನೂನಿನಲ್ಲಿ ಕಡಲ ಅಂಚು ಯಾರ ಖಾಸಗಿ ಆಸ್ತಿಯೂ ಆಗುವಂತಿಲ್ಲ. ಉಬ್ಬರದ ಗೆರೆಯಿಂದ ಕನಿಷ್ಠ ಆರು ಮೀಟರ್ ನೆಲ ಸಾರ್ವಜನಿಕ ಸ್ವತ್ತು. ಯಾರಿಗಾದರೂ ಕೊಟ್ಟರೂ ಕೊಡೋದು ಬಳಕೆಯ ಹಕ್ಕು, ಒಡೆತನವಲ್ಲ. ಆಮೇಲೆ ನೀವು ಅಲ್ಲಿಂದ ಹಾಕಿದ ಫೋಟೋಗಳನ್ನೇ ನೋಡಿ. ಅತಿ ಹೆಚ್ಚು ಲೈಕ್ ಬಂದದ್ದು ಯಾವುದಕ್ಕೆ? ಹಳೆಯ ಊರಿನ ಕಲ್ಲಿನ ಧಕ್ಕೆಗೆ. ಅಲ್ಲಿ ಮೀನುಗಾರನ ದೋಣಿಯ ಪಕ್ಕದಲ್ಲೇ ಯಾಟ್ ಕಟ್ಟಿರುತ್ತೆ, ಎದುರಿಗೆ ಬ್ರೆಡ್ಡಿನ ಅಂಗಡಿ, ಮುದುಕರು ಇಸ್ಪೀಟ್ ಆಡ್ತಿರ್ತಾರೆ. ನೀವು ಇಷ್ಟಪಟ್ಟದ್ದು ಬದುಕಿರುವ ಬಂದರನ್ನು. ಇಲ್ಲಿ ಬಂದು ಕೇಳ್ತಿರೋದು ಗೇಟ್ ಹಾಕಿದ ಬಂದರನ್ನು. ಬದುಕಿರುವ ಬಂದರುಗಳು ನಮ್ಮಲ್ಲಿ ಈಗಾಗಲೇ ಇವೆ. ಮಲ್ಪೆ ಇದೆ, ಗಂಗೊಳ್ಳಿ ಇದೆ, ತದಡಿ ಇದೆ. ‘ಮೀನು ವಾಸನೆ ಕಣೋ’ ಅಂದ ಒಬ್ಬ ಸಹೋದ್ಯೋಗಿ. ಬಂದರಿನಲ್ಲಿ ಮಲ್ಲಿಗೆ ವಾಸನೆ ಬರುತ್ತಾ?

ಬರೀ ಬೈದು ಮುಗಿಸೋದು ನಮ್ಮ ಕಡೆಯವರ ಪದ್ಧತಿಯಲ್ಲ. ಬೇಕಾದ್ದನ್ನೂ ಹೇಳ್ತೀನಿ.

ಮೊದಲು ಅಳಿವೆಗಳ ಹೂಳು ಪ್ರತಿ ವರ್ಷ ತೆಗೆಯಲಿ, ಆಳದ ಅಳತೆಯನ್ನು ಸಾರ್ವಜನಿಕವಾಗಿ ಪ್ರಕಟಿಸಲಿ. ಮೀನುಗಾರಿಕಾ ಬಂದರುಗಳಲ್ಲಿ ಕುಡಿಯುವ ನೀರು, ಶೌಚಾಲಯ, ದೀಪ, ರಿಪೇರಿಯ ಜಾಗ ಸರಿಯಾಗಲಿ. ಅದೇ ಧಕ್ಕೆಯ ಒಂದು ಬದಿಯಲ್ಲಿ ನಾಲ್ಕೈದು ಹಾಯಿದೋಣಿ ನಿಲ್ಲುವಷ್ಟು ಜಾಗ ಅತಿಥಿಗಳಿಗೆ ಇರಲಿ. ಅದರ ಬಾಡಿಗೆ ಅಲ್ಲಿನ ಮೀನುಗಾರರ ಸಹಕಾರ ಸಂಘಕ್ಕೆ ಹೋಗಲಿ. ಮೀನುಗಾರರಲ್ಲಿ ಅಳಿವೆಯ ದಾರಿ ತೋರಿಸಬಲ್ಲವರಿದ್ದಾರೆ, ಅವರು ದಾರಿ ತೋರಿಸಿದ್ದಕ್ಕೆ ದುಡ್ಡು ಪಡೆಯಲಿ. ಆ ಮರಳಿನ ಮ್ಯಾಪ್ ಗೂಗಲ್ಲಿನಲ್ಲಿಲ್ಲ, ಅವರ ತಲೆಯಲ್ಲಿದೆ.

ಆಮೇಲೆ ಕಲಿಕೆ. 1985ರಿಂದ 1987ರವರೆಗೆ ನಮ್ಮ ಸೈನ್ಯದ ಇಂಜಿನಿಯರುಗಳು ‘ತೃಷ್ಣಾ’ ಅನ್ನೋ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರು. 2017–18ರಲ್ಲಿ ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು ಗೋವಾದಲ್ಲೇ ಕಟ್ಟಿದ ‘ತಾರಿಣಿ’ಯಲ್ಲಿ ಸುತ್ತಿದರು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದವರು ಹಾಯಿ ಕಲಿಸ್ತಾರೆ. ಅಷ್ಟು ಚಿಕ್ಕ ಕೆರೆಯಲ್ಲಿ ಆಗುವುದಾದರೆ ಕೆ.ಆರ್. ನಗರದವರೆಗೂ ಹಬ್ಬಿರುವ ಕನ್ನಂಬಾಡಿ ಹಿನ್ನೀರಿನಲ್ಲಿ ಯಾಕಾಗಬಾರದು? ಅದು ಕ್ಲಬ್ಬಿನ ಸದಸ್ಯರ ಮಕ್ಕಳಿಗಷ್ಟೇ ಅಲ್ಲ, ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೂ ಸಿಗಲಿ. ಈಜು ಬರುವ, ಗಾಳಿ ಓದಲು ಬರುವ ಪಿರಿಯಾಪಟ್ಟಣದ ಹುಡುಗಿ ನಾಳೆ ಕಾರವಾರದಿಂದ ಮಂಗಳೂರಿಗೆ ನಿಮ್ಮದೇ ಯಾಟ್ ನಡೆಸಬಹುದು. ಅವಳಿಗೆ ಬೆಡ್‌ಶೀಟ್ ಬಿಟ್ಟು ಬೇರೆ ಕೆಲಸವೂ ಇದೆ ಅಂತ ಒಪ್ಪಿಕೊಳ್ಳಬೇಕಷ್ಟೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ನೀರಿನ ಅಂಚಿನಲ್ಲಿ ಯಾವುದೇ ರೆಸಾರ್ಟಿಗೆ, ಮರೀನಾಗೆ ಅನುಮತಿ ಕೊಡುವ ಮುಂಚೆ ಅಲ್ಲಿ ಮೊದಲಿನಿಂದ ಇರುವ ದಾರಿಗಳನ್ನು ಅಳೆದು ಕಾಗದಕ್ಕೆ ಇಳಿಸಲಿ. ದನದ ದಾರಿ, ದೋಣಿ ಎಳೆಯುವ ದಾರಿ, ಬಟ್ಟೆ ಒಗೆಯೋಕೆ ಹೋಗುವ ದಾರಿ, ದೇವರನ್ನು ಗಂಗೆಗೆ ಒಯ್ಯುವ ದಾರಿ. ಆ ದಾರಿಗಳಿಗೆ ಗೇಟ್ ಹಾಕಿದರೆ ಲೈಸೆನ್ಸ್ ರದ್ದು. ಕಬಿನಿಗೂ ಇದೇ ನಿಯಮ, ಕಾರವಾರಕ್ಕೂ ಇದೇ ನಿಯಮ.

ಇದಕ್ಕೆ ಸರ್ಕಾರವನ್ನೇ ಕಾಯಬೇಕಿಲ್ಲ. ವೀಕೆಂಡಿಗೆ ದುಡ್ಡು ಕೊಡೋರು ನಾವು, ಆಫ್‌ಸೈಟಿಗೆ ಜಾಗ ಆರಿಸೋದು ನಮ್ಮ ಎಚ್‌ಆರು, ರೀಲ್ಸ್ ಹಾಕಿ ಪುಕ್ಕಟೆ ಜಾಹೀರಾತು ಕೊಡೋದೂ ನಾವೇ. ಬುಕ್ ಮಾಡುವಾಗ ವೈಫೈ ಸ್ಪೀಡ್ ಎಷ್ಟು, ಬ್ರೇಕ್‌ಫಾಸ್ಟ್ ಸೇರಿದೆಯಾ ಅಂತೆಲ್ಲ ಕೇಳ್ತೀವಿ. ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: ‘ಬುಕಿಂಗ್ ಇಲ್ಲದ ಊರಿನವರು ನೀರಿಗೆ ಇಳಿಯೋಕೆ ದಾರಿ ಎಲ್ಲಿದೆ?’ ಉತ್ತರ ಬಂದರೆ ಹೋಗಿ, ಚೆನ್ನಾಗಿ ಸುತ್ತಾಡಿ ಬನ್ನಿ. ಆ ಕಡೆಯವರು ಪ್ರಶ್ನೆಯೇ ಅರ್ಥವಾಗದ ಹಾಗೆ ಸುಮ್ಮನಾದರೆ, ಅಡ್ವಾನ್ಸ್ ಕಟ್ಟಬೇಡಿ.